ಒಬ್ಬಳೇ ದುಡಿದು ಮಕ್ಕಳನ್ನು ಕಾಲೇಜು ಓದಿಸುವ ತಾಯಿಗೆ: ಹಣ ಹೊಂದಿಸುವ ಸಮಗ್ರ ಮಾರ್ಗದರ್ಶಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಕಾಲೇಜು ಕಚೇರಿಯ ಕಿಟಕಿಯ ಮುಂದೆ ನಿಲ್ಲುವ ತಾಯಂದಿರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಫೀಸು ಎಷ್ಟಾಗುತ್ತೆ ಸಾರ್?" ಹಲವು ವರ್ಷ ವಿದ್ಯಾರ್ಥಿವೇತನದ ಕಡತಗಳನ್ನು ನೋಡಿಕೊಂಡಿದ್ದ ನಾನು ಆ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ಇನ್ನೊಂದನ್ನು ಕೇಳುತ್ತಿದ್ದೆ: "ಆದಾಯ ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ ಅಮ್ಮ?" ಗಂಡ ತೀರಿಕೊಂಡ, ವಿಚ್ಛೇದನವಾದ ಅಥವಾ ಗಂಡ ಬಿಟ್ಟುಹೋದ ಹೆಣ್ಣುಮಗಳಿಗೆ ಕರ್ನಾಟಕದಲ್ಲಿ ಸಿಗಬಹುದಾದ ನೆರವು ಕಡಿಮೆಯೇನಲ್ಲ. ಅದು ಚಿಲ್ಲರೆ ಚಿಲ್ಲರೆಯಾಗಿ ಹತ್ತು ಕಡೆ ಹಂಚಿಹೋಗಿದೆ, ಮತ್ತು ಅದರಲ್ಲಿ ಬಹುಪಾಲು ಗಂಡನ ಹೆಸರಿರುವ ಯಾವುದೋ ಒಂದು ಕಾಗದದ ಹಿಂದೆ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಕಾಗದಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಸಾಲದ ಮಾತು ಬೇಕೆಂದೇ ಕೊನೆಯಲ್ಲಿ ಬರುತ್ತದೆ.

ಮೊದಲ ಹೆಜ್ಜೆ: ಪಿಯುಸಿ ಪರೀಕ್ಷೆಗೆ ಮುಂಚೆಯೇ ಕಾಗದ ಸರಿಮಾಡಿಕೊಳ್ಳಿ

ಫಲಿತಾಂಶ ಬಂದ ಮೇಲೆ ನಾಡಕಚೇರಿಗೆ ಹೋದರೆ ಊರಿನ ಅರ್ಧ ಜನ ಅಲ್ಲೇ ಸಾಲಿನಲ್ಲಿರುತ್ತಾರೆ. ಹಾಗಾಗಿ ಮಗು ದ್ವಿತೀಯ ಪಿಯುಸಿಯಲ್ಲಿರುವಾಗ, ಡಿಸೆಂಬರ್ ಅಥವಾ ಜನವರಿಯಲ್ಲೇ ಈ ಕೆಲಸವನ್ನು ಆರಂಭಿಸುವುದು ಒಳ್ಳೆಯದು.

ಗಂಡ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಕೈಯಲ್ಲಿರಬೇಕು, ಪಡಿತರ ಚೀಟಿಯಿಂದ ಅವರ ಹೆಸರು ತೆಗೆಸಿರಬೇಕು. ವಿಚ್ಛೇದನವಾಗಿದ್ದರೆ ನ್ಯಾಯಾಲಯದ ಡಿಕ್ರಿಯ ದೃಢೀಕೃತ ನಕಲನ್ನು ಎರಡು ಮೂರು ಪ್ರತಿ ತೆಗೆದಿಡಿ. ಹೆಚ್ಚು ಕಷ್ಟವಾಗುವುದು ಇವೆರಡೂ ಅಲ್ಲದ ಸ್ಥಿತಿಯಲ್ಲಿರುವವರಿಗೆ, ಅಂದರೆ ಗಂಡ ಎಲ್ಲೋ ಇದ್ದಾನೆ, ಮನೆಗೆ ಬರುವುದಿಲ್ಲ, ಹಣ ಕೊಡುವುದಿಲ್ಲ, ಆದರೆ ಕಾಗದದ ಮೇಲೆ ಸಂಸಾರ ಹಾಗೆಯೇ ಇದೆ ಎಂಬಂಥವರಿಗೆ. ಸರ್ಕಾರಿ ಅರ್ಜಿಗಳಲ್ಲಿ ಇಂಥ ಹೆಂಗಸಿಗೆ ಒಂದು ಕಲಂ ಇರುವುದೇ ಅಪರೂಪ. ಬೇರೆ ವಾಸವಿರುವುದನ್ನು ತೋರಿಸುವ ಬಾಡಿಗೆ ಕರಾರು, ಪ್ರತ್ಯೇಕ ಪಡಿತರ ಚೀಟಿ, ಜೀವನಾಂಶದ ಅರ್ಜಿಯ ನಕಲು, ಸಾಂತ್ವನ ಕೇಂದ್ರದಲ್ಲೋ ಠಾಣೆಯಲ್ಲೋ ಕೊಟ್ಟ ದೂರಿನ ಸ್ವೀಕೃತಿ, ಇವುಗಳಲ್ಲಿ ಇರುವುದನ್ನೆಲ್ಲ ಒಟ್ಟುಮಾಡಿ, ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ಟನ್ನು ಮೇಲಿಟ್ಟು ಒಂದು ಫೈಲ್ ಮಾಡಿಕೊಳ್ಳಿ. ಒಂದೊಂದೂ ದುರ್ಬಲ ದಾಖಲೆಯೇ. ಒಟ್ಟಿಗೆ ಇಟ್ಟಾಗ ಸ್ಥಳ ಪರಿಶೀಲನೆಗೆ ಬರುವ ಗ್ರಾಮ ಆಡಳಿತಾಧಿಕಾರಿಗೆ ವರದಿ ಬರೆಯಲು ಆಧಾರವಾಗುತ್ತವೆ.

ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ನಿಮ್ಮ ಸ್ವಂತ ದುಡಿಮೆಯನ್ನು ಸ್ಪಷ್ಟವಾಗಿ ಬರೆಯಿರಿ. ತಿಂಗಳಿಗೆ 12,000 ರೂಪಾಯಿ ದುಡಿಯುವ ಗಾರ್ಮೆಂಟ್ಸ್ ಕೆಲಸಗಾರ್ತಿಯ ವಾರ್ಷಿಕ ಆದಾಯ 1,44,000. ಆದರೆ ಹಳೆಯ ಪ್ರಮಾಣಪತ್ರದಲ್ಲಿ ಗಂಡನ ದುಡಿಮೆಯನ್ನೂ ಸೇರಿಸಿ 3 ಲಕ್ಷ ಎಂದಿದ್ದರೆ, ಹಲವು ವಿದ್ಯಾರ್ಥಿವೇತನಗಳಿಗೆ ಇರುವ 2.5 ಲಕ್ಷದ ಮಿತಿಯಲ್ಲೇ ಮಗುವಿನ ಅರ್ಜಿ ತಿರಸ್ಕೃತವಾಗುತ್ತದೆ. ಈ ಪತ್ರಕ್ಕೆ ಐದು ವರ್ಷದ ಮಾನ್ಯತೆ ಇರುವುದರಿಂದ, ಗಂಡ ಜೊತೆಗಿದ್ದ ಕಾಲದ್ದು ಇನ್ನೂ ಚಾಲ್ತಿಯಲ್ಲಿದೆ ಎಂದು ಅದನ್ನೇ ಬಳಸಿ ಕೆಟ್ಟವರು ಬಹಳ ಮಂದಿ. ಹೊಸದನ್ನು ಮಾಡಿಸಿ, ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು (ಪ್ರಮಾಣಪತ್ರದ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಅರ್ಜಿ ಕೊಟ್ಟಾಗ ಸಕಾಲದ (ನಿಗದಿತ ದಿನಗಳೊಳಗೆ ಸೇವೆ ಕೊಡಬೇಕೆಂಬ ಸರ್ಕಾರಿ ವ್ಯವಸ್ಥೆ) ಸ್ವೀಕೃತಿ ಕೇಳಿ ಪಡೆಯಿರಿ. ತಡವಾದರೆ ಮೇಲ್ಮನವಿಗೆ ಅದೇ ಆಧಾರ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ತಂದೆಯ ಕಡೆಯ ದಾಖಲೆ ಕೇಳುವುದು ರೂಢಿ. ಅಂತರ್ಜಾತಿ ವಿವಾಹವಾಗಿ ಬೇರೆಯಾದ ತಾಯಿಗೆ ಇಲ್ಲಿ ತೊಡಕು ಬರುತ್ತದೆ. 2012ರಲ್ಲಿ ಗುಜರಾತಿನ ರಮೇಶ್‌ಭಾಯಿ ದಾಭಾಯಿ ನಾಯ್ಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವಿಗೆ ತಂದೆಯ ಜಾತಿಯೇ ಎಂಬುದು ಕೇವಲ ಊಹೆ, ಪರಿಶಿಷ್ಟ ಜಾತಿ ಅಥವಾ ಪಂಗಡದ ತಾಯಿಯ ಆಶ್ರಯದಲ್ಲಿ ಅದೇ ಸಮುದಾಯದ ನಡುವೆ ಬೆಳೆದದ್ದನ್ನು ಸಾಕ್ಷ್ಯದಿಂದ ತೋರಿಸಲು ಅವಕಾಶವಿದೆ ಎಂದು ಹೇಳಿದೆ. ತಹಶೀಲ್ದಾರರ ಮುಂದೆ ಬಾಯಿಮಾತಿನಲ್ಲಿ ವಾದಿಸುವುದಕ್ಕಿಂತ ಈ ತೀರ್ಪಿನ ನಕಲನ್ನು ಅರ್ಜಿಗೆ ಲಗತ್ತಿಸುವುದು ಮೇಲು.

ಇನ್ನು "ತಂದೆಯ ಹೆಸರು" ಎಂಬ ಕಲಂ. 2015ರಲ್ಲಿ ಸುಪ್ರೀಂ ಕೋರ್ಟ್ ಅವಿವಾಹಿತ ತಾಯಿಯು ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಬಹುದು ಎಂದಿದೆ. 2018ರ ಡಿಸೆಂಬರ್‌ನಿಂದ ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ತಾಯಿ ಒಬ್ಬಳೇ ಪೋಷಕಿಯಾಗಿದ್ದರೆ ತಂದೆಯ ಹೆಸರು ಕಡ್ಡಾಯವಲ್ಲ. ಹಕ್ಕಿನ ಮಾತು ಹೀಗಿದ್ದರೂ ನನ್ನ ಸಲಹೆ ಸ್ವಲ್ಪ ಬೇರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಯಾವ ಹೆಸರು ಯಾವ ಕಾಗುಣಿತದಲ್ಲಿ ಇದೆಯೋ ಅದನ್ನೇ ಎಲ್ಲ ಅರ್ಜಿಗಳಲ್ಲೂ ಬರೆಯಿರಿ. ಮನಸ್ಸಿಗೆ ಕಹಿಯಾಗಬಹುದು, ಆದರೆ ಪ್ರವೇಶದ ವರ್ಷದಲ್ಲಿ ಹೆಸರು ಬದಲಿಸಲು ಹೊರಟರೆ ಆಧಾರ್, ಅಂಕಪಟ್ಟಿ, ಜಾತಿ ಪತ್ರ ಒಂದಕ್ಕೊಂದು ತಾಳೆಯಾಗದೆ ಆ ವರ್ಷದ ಹಣವೇ ಕೈತಪ್ಪುತ್ತದೆ.

ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಣೆ ಮಾಡಿಸಿ. "ಆಧಾರ್ ಕೊಟ್ಟಿದ್ದೇವೆ" ಎಂದರೆ ಸಾಲದು, ಸರ್ಕಾರದ ನೇರ ವರ್ಗಾವಣೆಯ ಹಣ ಬರಲು ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಸಂಖ್ಯೆಗೆ ಬರುವ ಹಣ ಈ ಖಾತೆಗೇ ಹೋಗಲಿ ಎಂಬ ದಾಖಲಾತಿ) ಆಗಿರಬೇಕು ಎಂದು ಬ್ಯಾಂಕಿನಲ್ಲಿ ಆ ಪದವನ್ನೇ ಬಳಸಿ ಕೇಳಿ. ವಿದ್ಯಾರ್ಥಿವೇತನ ಮಂಜೂರಾಗಿಯೂ ಖಾತೆಗೆ ಬಾರದೆ ನಿಂತ ಪ್ರಕರಣಗಳಲ್ಲಿ ನಾನು ಮೊದಲು ನೋಡುತ್ತಿದ್ದದ್ದು ಇದನ್ನೇ.

ಜಮೀನಿರುವವರಿಗೆ ಇನ್ನೊಂದು ಕೆಲಸವಿದೆ. ಪಹಣಿ ಇನ್ನೂ ತೀರಿಕೊಂಡ ಗಂಡನ ಅಥವಾ ಮಾವನ ಹೆಸರಿನಲ್ಲಿದ್ದರೆ ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ, ಆ ಬಳಿಕ ಕೃಷಿ ಇಲಾಖೆಯ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಹೆಸರಿಗೆ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಪಡೆಯಿರಿ. 2021ರಲ್ಲಿ ಆರಂಭವಾದ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಈ ಸಂಖ್ಯೆಯ ಮೇಲೆಯೇ ನಿಂತಿದೆ. ಯೋಜನೆ ಆರಂಭವಾದಾಗ ನಿಗದಿಯಾದಂತೆ ಬಿಎ, ಬಿಎಸ್ಸಿ, ಬಿಕಾಂ ಓದುವ ರೈತನ ಮಗನಿಗೆ ವರ್ಷಕ್ಕೆ 5,000, ಮಗಳಿಗೆ 5,500. ಎಂಜಿನಿಯರಿಂಗ್, ವೈದ್ಯಕೀಯ ಮತ್ತು ಸ್ನಾತಕೋತ್ತರ ಕೋರ್ಸುಗಳಿಗೆ ಮಗನಿಗೆ 10,000, ಮಗಳಿಗೆ 11,000. ಮೈದುನಂದಿರು ಪೌತಿಗೆ ಸಹಿ ಹಾಕಲು ಸತಾಯಿಸುತ್ತಾರೆ ಎಂಬುದು ಬಹಳ ಮನೆಗಳ ಕಥೆ. ಆ ಮಾತುಕತೆಗೆ ಆರು ತಿಂಗಳು ಬೇಕು, ಅದಕ್ಕೇ ಬೇಗ ಶುರುಮಾಡಿ ಎಂದದ್ದು.

ಎರಡನೆಯ ಹೆಜ್ಜೆ: ಗಂಡನ ಕಡೆಯಿಂದ ನ್ಯಾಯವಾಗಿ ಬರಬೇಕಾದದ್ದು

ಇದನ್ನು ಬಹಳ ಹೆಂಗಸರು "ಅವರ ದುಡ್ಡು ನನಗೆ ಬೇಡ" ಎಂದು ಬಿಟ್ಟುಬಿಡುತ್ತಾರೆ. ಆ ಸ್ವಾಭಿಮಾನವನ್ನು ನಾನು ಗೌರವಿಸುತ್ತೇನೆ, ಆದರೆ ಅದು ನಿಮ್ಮದಲ್ಲ, ಮಗುವಿಗೆ ಸೇರಿದ ಹಣ.

ಗಂಡ ತೀರಿಕೊಂಡಿದ್ದರೆ ಅವರ ಎಲ್ಲ ಪಾಸ್‌ಬುಕ್‌ಗಳನ್ನು ಒಮ್ಮೆ ಸಾಲುಸಾಲಾಗಿ ಓದಿ. ಮೇ ಕೊನೆ ಅಥವಾ ಜೂನ್ ಹೊತ್ತಿಗೆ 436 ರೂಪಾಯಿ (2022ಕ್ಕೆ ಮುಂಚೆ 330) ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. 20 ರೂಪಾಯಿ (ಮುಂಚೆ 12) ಕಡಿತವಾಗಿದ್ದರೆ ಸುರಕ್ಷಾ ವಿಮೆ. ಮೊದಲನೆಯದರಲ್ಲಿ ಸಾವು ಹೇಗೇ ಆಗಿರಲಿ 2 ಲಕ್ಷ, ಎರಡನೆಯದರಲ್ಲಿ ಅಪಘಾತದ ಸಾವಿಗೆ 2 ಲಕ್ಷ. ಖಾತೆ ತೆರೆದಾಗ ಬ್ಯಾಂಕಿನವರು ಸಹಿ ಮಾಡಿಸಿಕೊಂಡದ್ದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆ ಖಾತೆಯಿದ್ದ ಶಾಖೆಗೆ ತಡಮಾಡದೆ ಲಿಖಿತ ಅರ್ಜಿ ಕೊಡಿ.

ಅವರು ಪಿಎಫ್ ಕಡಿತವಾಗುವ ಕೆಲಸದಲ್ಲಿದ್ದರೆ ಇನ್ನೂ ಮುಖ್ಯವಾದ ವಿಷಯವಿದೆ. ನೌಕರರ ಪಿಂಚಣಿ ಯೋಜನೆ 1995ರಲ್ಲಿ ವಿಧವೆಗೆ ಪಿಂಚಣಿ ಇರುವಂತೆಯೇ ಮಕ್ಕಳಿಗೂ, ಒಂದು ಬಾರಿಗೆ ಇಬ್ಬರು ಮಕ್ಕಳವರೆಗೆ, ಪ್ರತಿಯೊಬ್ಬರಿಗೆ ವಿಧವಾ ಪಿಂಚಣಿಯ ಶೇ 25ರಷ್ಟು, ಅವರಿಗೆ 25 ವರ್ಷ ತುಂಬುವವರೆಗೆ ಸಿಗುತ್ತದೆ. ಕಾಲೇಜಿನ ವರ್ಷಗಳೆಲ್ಲ ಇದರೊಳಗೆ ಬರುತ್ತವೆ. ಮೊತ್ತ ದೊಡ್ಡದಲ್ಲ, ಆದರೆ ತಿಂಗಳು ತಿಂಗಳು ಬರುವ ಹಣಕ್ಕೆ ವರ್ಷಕ್ಕೊಮ್ಮೆ ಬರುವ ಹಣಕ್ಕಿಲ್ಲದ ಬೆಲೆಯಿದೆ. ಅರ್ಜಿಯ ನಮೂನೆ 10ಡಿ. ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರೆ ಪಿಎಫ್ ಜೊತೆಗೇ ಇರುವ ಇಡಿಎಲ್‌ಐ ಜೀವವಿಮೆಯ ಹಣವನ್ನೂ ಅದೇ ಕಚೇರಿಯಲ್ಲಿ ಕೇಳಿ. ಅದರ ಗರಿಷ್ಠ ಮೊತ್ತ 7 ಲಕ್ಷ.

ಗಂಡ ಬದುಕಿದ್ದು ಹಣ ಕೊಡದಿದ್ದರೆ ಮಗುವಿನ ವಯಸ್ಸೇ ಮುಖ್ಯವಾಗುತ್ತದೆ. ಹಿಂದೆ ಸಿಆರ್‌ಪಿಸಿ 125 ಎನ್ನುತ್ತಿದ್ದ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಎಲ್ಲ ಧರ್ಮದವರಿಗೂ ಅನ್ವಯಿಸುವ ಇದರಡಿ ಮಕ್ಕಳಿಗೆ ಜೀವನಾಂಶ ಸಾಮಾನ್ಯವಾಗಿ 18 ವರ್ಷದವರೆಗೆ ಮಾತ್ರ. ಕಾಲೇಜು ಶುರುವಾಗುವುದೇ ಆ ವಯಸ್ಸಿನಲ್ಲಿ ಎಂಬುದು ಕಾನೂನು ಬರೆದವರಿಗೆ ಹೊಳೆಯಲಿಲ್ಲವೇನೋ. ಮದುವೆಯಾಗದ ಹಿಂದೂ ಮಗಳಿಗೆ ಮಾತ್ರ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ, ಸ್ವಂತ ಸಂಪಾದನೆಯಿಂದ ಬದುಕಲಾಗದಿದ್ದರೆ, 18ರ ನಂತರವೂ ತಂದೆಯಿಂದ ಕೇಳುವ ಹಕ್ಕಿದೆ. 2020ರ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಮಗನಿಗೆ ಈ ಅನುಕೂಲವಿಲ್ಲ. ಹಾಗಾಗಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಆಗುತ್ತಿರುವವರು ಒಪ್ಪಂದದಲ್ಲಿ "ಮಕ್ಕಳ ವಿದ್ಯಾಭ್ಯಾಸದ ವೆಚ್ಚ" ಎಂದು ಮೊಗಮ್ಮಾಗಿ ಬರೆಸದೆ, ಪದವಿ ಮುಗಿಯುವವರೆಗೆ ವರ್ಷಕ್ಕೆ ಇಷ್ಟು, ಇಂಥ ತಿಂಗಳಲ್ಲಿ, ಇಂಥ ಖಾತೆಗೆ ಎಂದು ಬರೆಸಬೇಕು.

2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಎರಡೂ ಕಡೆಯವರು ತಮ್ಮ ಆಸ್ತಿ, ಆದಾಯ, ಸಾಲಗಳ ವಿವರವನ್ನು ಅಫಿಡವಿಟ್ಟಿನಲ್ಲಿ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಆದೇಶವಾದ ಮೇಲೂ ಹಣ ಬಾರದಿದ್ದರೆ ಸುಮ್ಮನೆ ಕಾಯಬೇಡಿ: 144ರಡಿಯ ಬಾಕಿಯನ್ನು ವಾರಂಟ್ ಮೂಲಕ ವಸೂಲಿ ಮಾಡಿಸಲು, ಹಣ ಬರಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ.

ಮೂರನೆಯ ಹೆಜ್ಜೆ: ಸೀಟು ಆರಿಸುವಾಗಲೇ ಅರ್ಧ ಲೆಕ್ಕ ಮುಗಿಯುತ್ತದೆ

ಯಾವ ವಿದ್ಯಾರ್ಥಿವೇತನವೂ ತಪ್ಪು ಸೀಟಿನ ಹೊರೆಯನ್ನು ಇಳಿಸಲಾರದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಿದ್ಯಾರ್ಥಿನಿಯರಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ವಿಶ್ವವಿದ್ಯಾಲಯ ಮತ್ತು ಪರೀಕ್ಷೆಯ ಶುಲ್ಕಗಳು ಬೇರೆ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಮಗಳ ಓಡಾಟಕ್ಕೆ ಖರ್ಚಿಲ್ಲ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಓದುವ ಮಗಳ ವರ್ಷದ ಖರ್ಚಿಗೂ ಬೆಂಗಳೂರಿನ ಖಾಸಗಿ ಕಾಲೇಜು ಮತ್ತು ಪಿಜಿಯ ಖರ್ಚಿಗೂ ಅಜಗಜಾಂತರ.

ಎಂಜಿನಿಯರಿಂಗ್ ಬಯಸುವವರು ಸಿಇಟಿ ಅರ್ಜಿ ತುಂಬುವಾಗಲೇ ಎಸ್‌ಎನ್‌ಕ್ಯೂ ಎಂಬ ಆಯ್ಕೆಯನ್ನು ಗಮನಿಸಬೇಕು. ಪ್ರತಿ ಕೋರ್ಸಿನ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳು, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ, ಬೋಧನಾ ಶುಲ್ಕವಿಲ್ಲದೆ ಸಿಗುತ್ತವೆ. ಸಾಮಾನ್ಯ ವರ್ಗದ ಮಕ್ಕಳಿಗೂ ಇದು ಅನ್ವಯ. ಅರ್ಜಿಯಲ್ಲಿ ಒಂದು ಗುರುತು ಹಾಕದೇ ಬಿಟ್ಟು ಆಮೇಲೆ ಪರಿತಪಿಸಿದವರನ್ನು ನೋಡಿದ್ದೇನೆ.

ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಎಂದು ಫೋನ್ ಮಾಡುವ ಏಜೆಂಟರಿಗೆ "ಅಡ್ವಾನ್ಸ್" ಕೊಡಬೇಡಿ. ಯಾವ ಕಾಲೇಜಿಗಾದರೂ ಹಣ ಕಟ್ಟಿ ಬಳಿಕ ಮನಸ್ಸು ಬದಲಾದರೆ ಯುಜಿಸಿಯ 2018ರ ನಿಯಮಗಳು ನಿಮ್ಮ ಪರವಾಗಿವೆ: ಪ್ರವೇಶದ ಘೋಷಿತ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಹಿಂತೆಗೆದರೆ ಅಲ್ಪ ಕಡಿತದ ಹೊರತು ಪೂರ್ಣ ಶುಲ್ಕ, ಅದಕ್ಕಿಂತ ತಡವಾಗಿ ಆದರೆ ಕೊನೆಯ ದಿನಾಂಕದೊಳಗೆ ಶೇ 90, ನಂತರದ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50 ವಾಪಸು ಕೊಡಬೇಕು. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲಿಟ್ಟುಕೊಳ್ಳುವಂತಿಲ್ಲ; ಪರಿಶೀಲಿಸಿ ಹಿಂದಿರುಗಿಸಬೇಕು.

ನಾಲ್ಕನೆಯ ಹೆಜ್ಜೆ: ವಿದ್ಯಾರ್ಥಿವೇತನ

ರಾಜ್ಯದ ಬಹುತೇಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಒಂದೇ ಬಾಗಿಲು. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳೆಲ್ಲ ಅಲ್ಲೇ ಇವೆ. ಆದಾಯದ ಮಿತಿ ಪ್ರವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಕಾಲೇಜಿನ ಇ-ದೃಢೀಕರಣ ಅಧಿಕಾರಿಯ ಬಳಿ ದಾಖಲೆಗಳನ್ನು ದೃಢೀಕರಿಸಿಕೊಂಡು, ಆ ಸಂಖ್ಯೆಯೊಂದಿಗೆ ಅರ್ಜಿ ತುಂಬಬೇಕು. ಸೈಬರ್ ಸೆಂಟರಿನಲ್ಲಿ ತುಂಬಿಸುವವರು ಅವರ ಮೊಬೈಲ್ ಸಂಖ್ಯೆ ಹಾಕಲು ಬಿಡಬೇಡಿ; ಮುಂದಿನ ವರ್ಷ ನವೀಕರಣದ ಒಟಿಪಿ ಅವರ ಫೋನಿಗೆ ಹೋಗುತ್ತದೆ.

ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಶುಲ್ಕದ ಪಾಲೂ ವಿದ್ಯಾರ್ಥಿಯ ಖಾತೆಗೇ ಬೀಳುವುದುಂಟು. ಅದು ಕಾಲೇಜಿಗೆ ಕಟ್ಟಬೇಕಾದ ಹಣ. ಒಮ್ಮೆಗೇ ಬಂದ ದೊಡ್ಡ ಮೊತ್ತವನ್ನು ಮನೆಯ ಬಾಕಿ ತೀರಿಸಲು ಬಳಸಿ, ಪರೀಕ್ಷೆಯ ಹೊತ್ತಿಗೆ ಪ್ರವೇಶಪತ್ರಕ್ಕಾಗಿ ಪರದಾಡಿದ ಕುಟುಂಬಗಳಿವೆ.

ಊಟ ಮತ್ತು ವಸತಿಗೆ ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಮೊದಲ ಆಯ್ಕೆಯಾಗಿರಲಿ. ಅಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗಾಗಿ ವಿದ್ಯಾಸಿರಿ ಇದೆ. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಕೊಡುವ ಯೋಜನೆಯಾಗಿ ಅದು ಆರಂಭವಾಯಿತು. ಹಾಸ್ಟೆಲ್‌ಗೆ ಅರ್ಜಿಯನ್ನೇ ಹಾಕದವರು ವಿದ್ಯಾಸಿರಿಗೂ ಹಿಂದೆ ಬೀಳುತ್ತಾರೆ, ಆದ್ದರಿಂದ ಸಿಗುವುದಿಲ್ಲ ಎಂದು ಗೊತ್ತಿದ್ದರೂ ಅರ್ಜಿ ಹಾಕಿ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ನಿಮ್ಮ ಬಳಿ ಇದ್ದರೆ ಮಕ್ಕಳ ಕಲಿಕಾ ಸಹಾಯಧನವನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಕೇಂದ್ರದ ಯೋಜನೆಗಳಿಗೆ ಎನ್‌ಎಸ್‌ಪಿ, ಅಂದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್. ಇಲ್ಲಿ ಮೂರನ್ನು ಹೆಸರಿಸುತ್ತೇನೆ. ಪಿಯುಸಿಯಲ್ಲಿ ಮಂಡಳಿಯ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು (ಅಂಕಗಳಲ್ಲಿ ಮೇಲಿನ ಶೇ 20 ಮಂದಿಯೊಳಗಿದ್ದು), ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರ ವಲಯದ ವಿದ್ಯಾರ್ಥಿವೇತನದಲ್ಲಿ ಪದವಿಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಇದಕ್ಕೆ ಜಾತಿಯ ಷರತ್ತಿಲ್ಲ. ತಾಂತ್ರಿಕ ಡಿಪ್ಲೊಮಾ ಅಥವಾ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000, ಆದಾಯದ ಮಿತಿ 8 ಲಕ್ಷ, ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ. ಅದೇ ಮಂಡಳಿಯ ಸ್ವನಾಥ ಯೋಜನೆ ಅನಾಥ ಮಕ್ಕಳಿಗೆ ಮಾತ್ರ ಎಂದುಕೊಂಡು ತಾಯಂದಿರು ಕೈಬಿಡುತ್ತಾರೆ. ಕೋವಿಡ್‌ನಿಂದ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರೂ ಅದು ಅನ್ವಯಿಸುತ್ತದೆ, ಮೊತ್ತ 50,000. ಮರಣದ ಕಾರಣ ಕೋವಿಡ್ ಎಂದು ತೋರಿಸುವ ದಾಖಲೆ ಬೇಕು.

ಐದನೆಯ ಹೆಜ್ಜೆ: ಉಳಿದದ್ದಕ್ಕೆ ಮಾತ್ರ ಸಾಲ

ಮೊದಲು ಕಡಿಮೆ ಬಡ್ಡಿಯ ಬಾಗಿಲನ್ನು ತಟ್ಟಿ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಆಯ್ಕೆಯಾದ ಹಿಂದುಳಿದ ವರ್ಗದ ಮಕ್ಕಳಿಗೆ ದೇವರಾಜ ಅರಸು ಅಭಿವೃದ್ಧಿ ನಿಗಮದಲ್ಲಿ, ಅಲ್ಪಸಂಖ್ಯಾತರಿಗೆ ಅವರ ಅಭಿವೃದ್ಧಿ ನಿಗಮದಲ್ಲಿ "ಅರಿವು" ಸಾಲವಿದೆ. ಅದರ ಹೊರೆ ಶೇ 2ರಷ್ಟೇ.

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ನೀವು ಕೈಯಿಂದ ಪಾಲು ಹಾಕಬೇಕಿಲ್ಲ, 7.5 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ತಾಯಿ ಸಹಸಾಲಗಾರ್ತಿಯಾಗಲು ಅಡ್ಡಿಯಿಲ್ಲ. ಶಾಖೆಯಲ್ಲಿ "ತಂದೆಯ ಸಹಿ ಬೇಕು" ಎಂದರೆ ಮರಣ ಪತ್ರವನ್ನೋ ಡಿಕ್ರಿಯನ್ನೋ ಲಗತ್ತಿಸಿ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿ, ನಿರಾಕರಿಸುವುದಾದರೆ ಕಾರಣವನ್ನು ಬರೆದು ಕೊಡುವಂತೆ ಕೇಳಿ. ಬಾಯಲ್ಲಿ ಇಲ್ಲ ಎನ್ನುವವರು ಕಾಗದದ ಮೇಲೆ ಅಷ್ಟು ಸುಲಭವಾಗಿ ಬರೆಯುವುದಿಲ್ಲ. ಹೋಗುವ ಮುನ್ನ ನಿಮ್ಮ ಸಿಬಿಲ್ ವರದಿ (ಸಾಲ ಮತ್ತು ಮರುಪಾವತಿಯ ಚರಿತ್ರೆ) ನೋಡಿಕೊಳ್ಳಿ; ಗಂಡನ ಹಳೆಯ ಸಾಲಕ್ಕೆ ನೀವು ಜಾಮೀನು ಹಾಕಿದ್ದರೆ ಅದು ಅಲ್ಲಿ ಕುಳಿತಿರುತ್ತದೆ.

ಸಾಲ ಎಷ್ಟಕ್ಕೆ ಬೆಳೆಯುತ್ತದೆ ಎಂಬುದನ್ನು ಸಹಿ ಹಾಕುವ ಮುನ್ನ ಲೆಕ್ಕ ಹಾಕಿ. ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ 1 ಲಕ್ಷದಂತೆ ಶೇ 10ರ ಬಡ್ಡಿಗೆ ಪಡೆದರೆ, ಕೋರ್ಸ್ ಮುಗಿದು, ಕಂತು ಕಟ್ಟಬೇಕಿಲ್ಲದ ಒಂದು ವರ್ಷದ ಬಿಡುವೂ ಕಳೆಯುವಷ್ಟರಲ್ಲಿ ಸರಳ ಬಡ್ಡಿಯೇ 1.4 ಲಕ್ಷ ಆಗಿರುತ್ತದೆ. ಒಟ್ಟು 5.4 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 7,140 ರೂಪಾಯಿ. ಓದುವ ಕಾಲದ ಮತ್ತು ಬಿಡುವಿನ ವರ್ಷದ ಬಡ್ಡಿಯನ್ನು ಆಗಾಗಲೇ ಕಟ್ಟಿದ್ದರೆ ಅಥವಾ ಸರ್ಕಾರ ಭರಿಸಿದ್ದರೆ ಅದೇ ಕಂತು ಸುಮಾರು 5,290. ಆದ್ದರಿಂದ ಬಡ್ಡಿ ಸಹಾಯಧನವನ್ನು ಕೇಳದೆ ಬರಬೇಡಿ. ಆದಾಯ 4.5 ಲಕ್ಷದೊಳಗಿರುವ ಕುಟುಂಬಕ್ಕೆ ತಾಂತ್ರಿಕ ಹಾಗೂ ವೃತ್ತಿಪರ ಕೋರ್ಸುಗಳಲ್ಲಿ ಓದುವ ಕಾಲದ ಮತ್ತು ಬಿಡುವಿನ ವರ್ಷದ ಪೂರ್ಣ ಬಡ್ಡಿಯ ನೆರವಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ, 8 ಲಕ್ಷದೊಳಗಿನ ಆದಾಯಕ್ಕೂ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರ ರಿಯಾಯಿತಿ ಇದೆ.

ಹಣ ಬರುವವರೆಗಿನ ತಿಂಗಳುಗಳು

ಪ್ರವೇಶದ ಶುಲ್ಕವನ್ನು ಜೂನ್ ಅಥವಾ ಜುಲೈಯಲ್ಲಿ ಕಟ್ಟಬೇಕು. ವಿದ್ಯಾರ್ಥಿವೇತನ ಮುಂದಿನ ವರ್ಷಕ್ಕೆ ಜಾರುವುದು ಹೊಸದೇನಲ್ಲ. ಈ ನಡುವಿನ ಅಂತರದಲ್ಲಿಯೇ ತಾಯಂದಿರು ಮೀಟರ್ ಬಡ್ಡಿಗೆ ಬೀಳುವುದು. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ, ಮನೆಯ ಖರ್ಚಿಗೆ ಅನಿವಾರ್ಯವಲ್ಲದ ತಿಂಗಳುಗಳಲ್ಲಿ ಅದನ್ನು ಪಿಯುಸಿ ಮೊದಲ ವರ್ಷದಿಂದಲೇ ಅಂಚೆ ಕಚೇರಿಯ ಆರ್‌ಡಿಗೆ (ತಿಂಗಳು ತಿಂಗಳು ಹಣ ಕಟ್ಟುವ ಠೇವಣಿ) ಹಾಕುತ್ತ ಬನ್ನಿ. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆಯಿದ್ದರೆ ಅವಳಿಗೆ 18 ತುಂಬಿದ ಅಥವಾ ಹತ್ತನೇ ತರಗತಿ ಮುಗಿದ ಬಳಿಕ, ಹಿಂದಿನ ಹಣಕಾಸು ವರ್ಷದ ಕೊನೆಯ ಶಿಲ್ಕಿನ ಅರ್ಧದವರೆಗೆ ಶಿಕ್ಷಣಕ್ಕಾಗಿ ತೆಗೆಯಬಹುದು. ಬಂಗಾರ ಅಡವಿಡಲೇಬೇಕಾದರೆ ಬ್ಯಾಂಕಿನಲ್ಲಿಡಿ, ಗಿರವಿ ಅಂಗಡಿಯಲ್ಲಿ ಬೇಡ. ಸ್ತ್ರೀಶಕ್ತಿ ಸಂಘದ ಒಳಸಾಲ ಇದಕ್ಕಿಂತಲೂ ಮೇಲು. ಮತ್ತು ಪ್ರಾಂಶುಪಾಲರಿಗೆ, ವಿದ್ಯಾರ್ಥಿವೇತನದ ಅರ್ಜಿ ಸಂಖ್ಯೆಯನ್ನು ನಮೂದಿಸಿ, ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೋರಿ ಲಿಖಿತ ಮನವಿ ಕೊಡಿ. ಬಾಯಿಮಾತಿನ ಕೋರಿಕೆಗೆ ಇಲ್ಲ ಎಂದ ಕಚೇರಿಯಲ್ಲೇ ಲಿಖಿತ ಮನವಿಯ ಮೇಲೆ "ಪರಿಗಣಿಸಿ" ಎಂದು ಷರಾ ಬಿದ್ದದ್ದನ್ನು ನಾನು ಕಂಡಿದ್ದೇನೆ.

ಎರಡನೆಯ ವರ್ಷದಿಂದ ಬಹುತೇಕ ಎಲ್ಲವೂ ನವೀಕರಣ. ಒಂದು ನೋಟ್‌ಬುಕ್ಕಿನಲ್ಲಿ ಎಸ್‌ಎಸ್‌ಪಿ ಮತ್ತು ಎನ್‌ಎಸ್‌ಪಿ ಸಂಖ್ಯೆ, ಆದಾಯ ಪತ್ರದ ಆರ್‌ಡಿ ಸಂಖ್ಯೆ ಮತ್ತು ಅದರ ಅವಧಿ ಮುಗಿಯುವ ದಿನಾಂಕ, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಜೋಡಣೆಯಾದ ಮೊಬೈಲ್ ಸಂಖ್ಯೆ, ಪ್ರತಿ ಬಾರಿ ಖಾತೆಗೆ ಬಂದ ಮೊತ್ತ, ಇಷ್ಟನ್ನು ಬರೆದಿಡಿ. ಮಗು ಯಾವುದಾದರೂ ವಿಷಯದಲ್ಲಿ ಅನುತ್ತೀರ್ಣವಾಗಿ ಅದೇ ವರ್ಷದಲ್ಲಿ ಉಳಿದುಬಿಟ್ಟರೆ ನವೀಕರಣ ನಿಲ್ಲಬಹುದು. ಆ ಸುದ್ದಿಯನ್ನು ಮಗು ನಿಮ್ಮಿಂದ ಮುಚ್ಚಿಡದಂತೆ ನೋಡಿಕೊಳ್ಳಿ, ಏಕೆಂದರೆ ಮರುಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನಾಂಕ ಯಾರನ್ನೂ ಕಾಯುವುದಿಲ್ಲ.